ಮನೆದೇವರು ಕೇಳುವ ಸಂದರ್ಶಕರು

ಪೀಣ್ಯದ ಕಾರ್ಖಾನೆಯೊಂದರ ನೇಮಕಾತಿ ಕಡತಗಳನ್ನು ಪರಿಶೀಲಿಸುವ ಕೆಲಸ ನನಗೆ ಬಂದಿತ್ತು. ಅರ್ಜಿ ನಮೂನೆಯಲ್ಲಿ ಹೆಸರು, ತಂದೆಯ ಹೆಸರು, ಅದರ ಕೆಳಗೆ ‘ಧರ್ಮ ಮತ್ತು ಜಾತಿ’. ಇದು ಏಕೆ ಎಂದು ಕೇಳಿದರೆ ಆಡಳಿತ ವಿಭಾಗದವರಿಗೂ ಗೊತ್ತಿಲ್ಲ. ‘ಮೊದಲಿನಿಂದಲೂ ಹಾಗೇ ಇದೆ ಸಾರ್’ ಎಂದರು. ಯಾವುದೋ ಸರ್ಕಾರಿ ಅರ್ಜಿಯನ್ನು ನೋಡಿ ಯಾರೋ ನಕಲು ಮಾಡಿದ್ದಿರಬೇಕು.

ಸರ್ಕಾರಿ ಅರ್ಜಿಯಲ್ಲಿ ಆ ಸಾಲಿಗೆ ಕೆಲಸವಿದೆ. ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಭ್ಯರ್ಥಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ನಮೂದಿಸುವುದು ಮೀಸಲಾತಿಗಾಗಿ. ತಹಶೀಲ್ದಾರರ ಪ್ರಮಾಣಪತ್ರ ಅದಕ್ಕೆ ಆಧಾರ. ಸರ್ಕಾರಿ ಹುದ್ದೆಗಳಲ್ಲಿ ಜಾತಿ, ಧರ್ಮದ ತಾರತಮ್ಯವನ್ನು ನಿಷೇಧಿಸುವ ಸಂವಿಧಾನದ 16ನೇ ವಿಧಿಯೇ ಮೀಸಲಾತಿಗೂ ದಾರಿ ಮಾಡಿಕೊಟ್ಟಿದೆ. ಖಾಸಗಿ ಕಂಪನಿಗೆ ಆ ವಿಧಿ ಅನ್ವಯಿಸುವುದಿಲ್ಲ.

‘ಹಾಗಾದರೆ ಅವರು ಜಾತಿ ಕೇಳುವುದು ಅಪರಾಧವೇ?’ ಎಂದು ಕೇಳುವ ಹುಡುಗರಿಗೆ ನನ್ನ ಉತ್ತರ ರುಚಿಸುವುದಿಲ್ಲ. ಕೇಳಬಾರದು ಎಂದು ಎಲ್ಲ ಖಾಸಗಿ ಉದ್ಯೋಗದಾತರಿಗೂ ನೇರವಾಗಿ ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಕೆಲಸಕ್ಕೆ ಅಡ್ಡಿ ಮಾಡಿದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಿದೆ. ಪರಿಶಿಷ್ಟರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಇದೆ. ಆದರೆ ಸಾಕ್ಷ್ಯ? ಕೆಲಸ ಕೊಡದ ನಿಜವಾದ ಕಾರಣವನ್ನು ಪತ್ರದಲ್ಲಿ ಬರೆದುಕೊಡುವಷ್ಟು ದಡ್ಡರನ್ನು ನಾನಂತೂ ಕಂಡಿಲ್ಲ.

ನಮೂನೆಯಿಂದ ಆ ಸಾಲನ್ನು ತೆಗೆಸಲು ಅರ್ಧ ಗಂಟೆ ಸಾಕಾಯಿತು. ಬಗ್ಗದೆ ಉಳಿದದ್ದು ಸಂದರ್ಶನದ ಕೋಣೆ. ಅಲ್ಲಿ ಜಾತಿ ಎಂಬ ಪದವೇ ಬರುವುದಿಲ್ಲ. ‘ನಿಮ್ಮ ಮನೆದೇವರು ಯಾವುದು?’, ‘ಊರಿನಲ್ಲಿ ಮನೆ ಯಾವ ಕೇರಿಯಲ್ಲಿದೆ?’, ‘ನಮ್ಮ ಕ್ಯಾಂಟೀನಿನಲ್ಲಿ ಸಸ್ಯಾಹಾರ ಮಾತ್ರ, ಪರವಾಗಿಲ್ಲವೇ?’ ಹೆಸರು ಹಿರೇಮಠ ಎಂದೋ ಭಟ್ ಎಂದೋ ಮುಗಿದರೆ ಅಷ್ಟು ಶ್ರಮವೂ ಬೇಡ. ಹಳೆ ಮೈಸೂರಿನ ಕಡೆಯವರಲ್ಲಿ ಎಷ್ಟೋ ಮಂದಿಗೆ ಊರು ಮತ್ತು ಅಪ್ಪನ ಇನಿಷಿಯಲ್ ಬಿಟ್ಟರೆ ಮನೆತನದ ಹೆಸರೇ ಇರುವುದಿಲ್ಲವಲ್ಲ, ಅವರನ್ನು ಕೆದಕಲು ಈ ಪ್ರಶ್ನೆಗಳು. ಕೇಳಿದವರನ್ನು ಕೇಳಿದರೆ ‘ಸುಮ್ಮನೆ ಮಾತಿಗೆ’ ಎನ್ನುತ್ತಾರೆ. ಬಹುಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಒಮ್ಮೆ ಕಿವಿಗೆ ಬಿದ್ದ ಉತ್ತರ ಅಂಕ ಹಾಕುವಾಗ ಎಲ್ಲಿಗೂ ಹೋಗಿರುವುದಿಲ್ಲ.

ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸರಿಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹೆಸರುಗಳಿಗಿಂತ ದಲಿತ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು, ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ. ಅಲ್ಲಿ ಯಾರೂ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ.

ಎಲ್ಲ ಸಮುದಾಯದವರೂ ಬರುತ್ತಿದ್ದಾರೆಯೇ ಎಂದು ಲೆಕ್ಕ ನೋಡಬಯಸುವ ಕಂಪನಿ ಕೇಳಲಿ. ನೇಮಕವಾದ ಮೇಲೆ, ಇಷ್ಟವಿದ್ದವರಿಂದ ಮಾತ್ರ, ಸಂದರ್ಶಕರ ಕೈಗೆ ಸಿಗದ ಕಡತದಲ್ಲಿ.

ಆ ಕಾರ್ಖಾನೆಯಲ್ಲಿ ನಾನು ಒಂದೇ ನಿಯಮ ಮಾಡಿಸಿದೆ: ಕೇಳಿದ ಪ್ರತಿ ಪ್ರಶ್ನೆಯನ್ನೂ ಅಂಕದ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ‘ಮನೆದೇವರು’ ಎಂದು ಬರೆದು ಸಹಿ ಮಾಡಲು ಯಾರಿಗೂ ಕೈ ಬರಲಿಲ್ಲ. ಹಿರಿಯ ಮ್ಯಾನೇಜರೊಬ್ಬರು ಮಾತ್ರ ಈಗ ಸಂದರ್ಶನ ಮುಗಿದ ಮೇಲೆ ಅಭ್ಯರ್ಥಿಯನ್ನು ಬಾಗಿಲಿನವರೆಗೆ ಬಿಡಲು ಬಂದು, ‘ನಿಮ್ಮೂರಿನಲ್ಲಿ ಯಾವ ದೇವರ ಜಾತ್ರೆ?’ ಎನ್ನುತ್ತಾರಂತೆ.