ಯುದ್ಧದ ಸುದ್ದಿ ಓದಲು, ಮಾತಾಡಲು ಬೇಕಾದ ಇಂಗ್ಲಿಷ್: ಅಧ್ಯಯನ ಟಿಪ್ಪಣಿ

ಗುಂಪು ಚರ್ಚೆಗೋ ಪ್ರಬಂಧ ಪರೀಕ್ಷೆಗೋ ತಯಾರಾಗುವಾಗ ನಾವು ಯುದ್ಧಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಪದಗಳ ಉದ್ದ ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತೇವೆ. ಅರ್ಥವೇನೋ ನೆನಪಿರುತ್ತದೆ. ಆದರೆ ಮಾತಾಡುವಾಗ ಪದ ತಪ್ಪು ಜಾಗಕ್ಕೆ ಬೀಳುತ್ತದೆ. ಯಾಕೆಂದರೆ ಈ ವಿಷಯದಲ್ಲಿ ಒಂದೊಂದು ಪದವೂ ಒಂದೊಂದು ನಿಲುವು. ಯಾರು ಶುರು ಮಾಡಿದರು, ಎಷ್ಟು ದೊಡ್ಡದು, ಕಾನೂನಿನ ಕಣ್ಣಲ್ಲಿ ಅದು ಏನು, ಇಷ್ಟನ್ನೂ ಪದವೇ ಹೇಳಿಬಿಡುತ್ತದೆ. ಹಾಗಾಗಿ ಇಲ್ಲಿ ಪಟ್ಟಿ ಕೊಡುತ್ತಿಲ್ಲ. ಜೊತೆಜೊತೆಗೆ ಬರುವ, ಒಂದಕ್ಕೊಂದು ಬೆರೆತುಹೋಗುವ ಪದಗಳನ್ನು ಬಿಡಿಸಿಡುತ್ತೇನೆ.

ಮೊದಲು ನಮ್ಮ 'ದಾಳಿ'. ಕನ್ನಡ ಪತ್ರಿಕೆಯಲ್ಲಿ ಬಹುಪಾಲು ಎಲ್ಲವೂ ದಾಳಿಯೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. ದೂರದಿಂದ ವಿಮಾನದಲ್ಲೋ ಕ್ಷಿಪಣಿಯಲ್ಲೋ ಹೊಡೆದರೆ ಸ್ಟ್ರೈಕ್. ಒಂದು ಗುಂಪು ಒಳಗೆ ನುಗ್ಗಿ, ಕೆಲಸ ಮುಗಿಸಿ, ವಾಪಸ್ ಬಂದರೆ ರೇಡ್. 1942ರ ಏಪ್ರಿಲ್‌ನಲ್ಲಿ ಅಮೆರಿಕದ ವಿಮಾನಗಳು ಟೋಕಿಯೋ ಮೇಲೆ ಬಾಂಬ್ ಹಾಕಿ ಹೋದದ್ದನ್ನು ಡೂಲಿಟಲ್ ರೇಡ್ ಅನ್ನುತ್ತಾರೆ, ಅಲ್ಲೇ ಉಳಿಯುವ ಉದ್ದೇಶ ಅವರಿಗೆ ಇರಲಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಯೋಜನೆ ಹಾಕಿ ಹಲವು ಕಡೆ ಮುನ್ನುಗ್ಗಿದರೆ ಅಫೆನ್ಸಿವ್. ವಿಯೆಟ್ನಾಂನಲ್ಲಿ 1968ರ ಜನವರಿ ಕೊನೆಗೆ ಶುರುವಾದ ಟೆಟ್ ಅಫೆನ್ಸಿವ್ ಇಂಥದ್ದು. ಸಣ್ಣ ಪಡೆ ಗಡಿ ದಾಟಿ ಸ್ವಲ್ಪ ದೂರ ಒಳಬಂದರೆ ಇನ್‌ಕರ್ಷನ್. ದೊಡ್ಡ ಸೇನೆಯೇ ನೆಲ ಹಿಡಿಯಲು ಒಳನುಗ್ಗಿದರೆ ಇನ್ವೇಷನ್. ಹಾಗೆ ಹಿಡಿದು ಆಳಲು ಶುರು ಮಾಡಿದರೆ ಆಕ್ಯುಪೇಷನ್. ಆ ನೆಲ ಇನ್ನು ಮೇಲೆ ನಮ್ಮ ದೇಶದ್ದೇ ಅಂತ ಘೋಷಿಸಿಕೊಂಡರೆ ಅನೆಕ್ಸೇಷನ್. ಕೊನೆಯ ಮೂರನ್ನು ಒಂದೇ ಸಾಲಿನ ಮೂರು ಮೆಟ್ಟಿಲು ಅಂತ ನೆನಪಿಟ್ಟುಕೊಂಡರೆ ಮತ್ತೆ ಗೊಂದಲ ಆಗುವುದಿಲ್ಲ.

ಇಲ್ಲೇ ವ್ಯಾಕರಣದ ಒಂದು ಮಾತು. ನಾವು 'ಕುವೈತ್ ಮೇಲೆ ದಾಳಿ ಮಾಡಿತು' ಅನ್ನುತ್ತೇವೆ, ಆ 'ಮೇಲೆ' ಇಂಗ್ಲಿಷ್‌ಗೂ ನುಸುಳಿ 'ಅಟ್ಯಾಕ್ಡ್ ಆನ್ ಕುವೈತ್' ಆಗಿಬಿಡುತ್ತದೆ. ತಪ್ಪು. ಕ್ರಿಯಾಪದವಾದರೆ ಸುಮ್ನೆ 'ಅಟ್ಯಾಕ್ಡ್ ಕುವೈತ್', 'ಇನ್ವೇಡೆಡ್ ಕುವೈತ್'. ನಾಮಪದವಾದರೆ ಮಾತ್ರ 'ಆ್ಯನ್ ಅಟ್ಯಾಕ್ ಆನ್', 'ದಿ ಇನ್ವೇಷನ್ ಆಫ್'. ಯುದ್ಧ ಘೋಷಿಸುವುದು 'ಡಿಕ್ಲೇರ್ ವಾರ್ ಆನ್', ನಿರ್ಬಂಧ ಹೇರುವುದು 'ಇಂಪೋಸ್ ಸ್ಯಾಂಕ್ಷನ್ಸ್ ಆನ್', ತೆಗೆಯುವುದು 'ಲಿಫ್ಟ್ ಸ್ಯಾಂಕ್ಷನ್ಸ್', ಹಿಂದೆ ಸರಿಯುವುದು 'ವಿತ್‌ಡ್ರಾ ಫ್ರಮ್', ಶರಣಾಗುವುದು 'ಸರೆಂಡರ್ ಟು'. ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರನನ್ನೂ ಸೇರಿಸಿಯೇ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಇನ್ನು 'ವಾರ್' ಅನ್ನುವ ಪದ. ಸರ್ಕಾರಗಳು ಇದನ್ನು ಆದಷ್ಟು ಬಳಸುವುದಿಲ್ಲ, ಇದು ಗೊತ್ತಿಲ್ಲದಿದ್ದರೆ ಸುದ್ದಿ ಅರ್ಥವೇ ಆಗುವುದಿಲ್ಲ. 1950ರಲ್ಲಿ ಕೊರಿಯಾಕ್ಕೆ ಸೇನೆ ಕಳಿಸಿದ ಅಮೆರಿಕದ ಅಧ್ಯಕ್ಷ ಟ್ರೂಮನ್, ಇದನ್ನು 'ಪೊಲೀಸ್ ಆ್ಯಕ್ಷನ್' ಅನ್ನಬಹುದೇ ಅಂತ ಪತ್ರಕರ್ತರು ಕೇಳಿದಾಗ ಒಪ್ಪಿಕೊಂಡರು. 2022ರ ಫೆಬ್ರವರಿ 24ರಂದು ಉಕ್ರೇನ್ ಒಳಗೆ ಸೇನೆ ನುಗ್ಗಿಸಿದ ಪುಟಿನ್ ಅದನ್ನು 'ಸ್ಪೆಷಲ್ ಮಿಲಿಟರಿ ಆಪರೇಷನ್' ಅಂದರು. ಅಮೆರಿಕ ವಿಧಿವತ್ತಾಗಿ ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ, ಆಮೇಲಿನ ಕೊರಿಯಾ, ವಿಯೆಟ್ನಾಂ ಯಾವುದಕ್ಕೂ ಅಂಥ ಘೋಷಣೆ ಇಲ್ಲ. ಇನ್ನೂ ಚೆನ್ನಾದ ಉದಾಹರಣೆ ಕ್ಯೂಬಾದ್ದು. 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಹೋಗದ ಹಾಗೆ ಅಮೆರಿಕದ ಅಧ್ಯಕ್ಷ ಕೆನಡಿ ಸಮುದ್ರದಲ್ಲಿ ಹಡಗುಗಳನ್ನು ತಡೆದರು. ಅದು ನೋಡಲು 'ಬ್ಲಾಕೇಡ್', ಅಂದರೆ ದಿಗ್ಬಂಧನ. ಆದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬ್ಲಾಕೇಡ್ ಅಂದರೆ ಯುದ್ಧದ ಕೃತ್ಯ. ಅದಕ್ಕೇ ಭಾಷಣದಲ್ಲಿ ಅವರು ಬಳಸಿದ್ದು 'ಕ್ವಾರಂಟೀನ್'. ಹಡಗು ಅದೇ, ಸಮುದ್ರ ಅದೇ, ಪದ ಬೇರೆ.

ಕಾನೂನು ಪುಸ್ತಕಗಳೂ ಇದಕ್ಕೆ ತಕ್ಕಂತೆ ಎಚ್ಚರಿಕೆಯಿಂದ ಬರೆದಿವೆ. ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿಯಲ್ಲಿ ವಾರ್ ಇಲ್ಲ, 'ಥ್ರೆಟ್ ಆರ್ ಯೂಸ್ ಆಫ್ ಫೋರ್ಸ್' ಇದೆ. ಆತ್ಮರಕ್ಷಣೆಯ 51ನೇ ವಿಧಿಯಲ್ಲಿ 'ಆರ್ಮ್ಡ್ ಅಟ್ಯಾಕ್' ಇದೆ. 1949ರ ಜಿನೀವಾ ಒಪ್ಪಂದಗಳು 'ಆರ್ಮ್ಡ್ ಕಾನ್‌ಫ್ಲಿಕ್ಟ್' ಅನ್ನುತ್ತವೆ, ಒಂದು ದೇಶ ಇದು ಯುದ್ಧವೇ ಅಲ್ಲ ಅಂದರೂ ನಿಯಮ ಅನ್ವಯಿಸಲಿ ಅಂತ. ಚರ್ಚೆಯಲ್ಲಿ ಯಾವ ಪದ ಬಳಸಬೇಕು ಅನ್ನುವ ಅನುಮಾನ ಬಂದರೆ 'ಆರ್ಮ್ಡ್ ಕಾನ್‌ಫ್ಲಿಕ್ಟ್' ಅನ್ನಿ, ಯಾರೂ ತಕರಾರು ಮಾಡಲಾರರು.

ಜಾಸ್ತಿ ಗೊಂದಲ ಇರುವುದು ನಿಲ್ಲಿಸುವ ಪದಗಳಲ್ಲಿ. ಕನ್ನಡದಲ್ಲಿ ಎಲ್ಲದಕ್ಕೂ 'ಕದನ ವಿರಾಮ' ಅಂದುಬಿಡುತ್ತೇವೆ ಅಲ್ವಾ? ಸೀಸ್‌ಫೈರ್ ಅಂದರೆ ಗುಂಡು ನಿಲ್ಲಿಸುವುದು, ಅಷ್ಟೇ. ಟ್ರೂಸ್ ಸ್ವಲ್ಪ ಹಳೆಯ ಪದ, ಸ್ವಲ್ಪ ಸಡಿಲ ಕೂಡ. 1914ರ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟಿಷ್ ಮತ್ತು ಜರ್ಮನ್ ಸೈನಿಕರು ಮೇಲಿನವರ ಅಪ್ಪಣೆ ಇಲ್ಲದೆಯೇ ಹಲವು ಕಡೆ ಗುಂಡು ನಿಲ್ಲಿಸಿ ಕಂದಕದಿಂದ ಹೊರಬಂದು ಕೈಕುಲುಕಿದರು, ಅದು ಕ್ರಿಸ್‌ಮಸ್ ಟ್ರೂಸ್. ಆರ್ಮಿಸ್ಟಿಸ್ ಅಂದರೆ ಸಹಿ ಹಾಕಿದ, ವಿಧಿವತ್ತಾದ ಒಪ್ಪಂದ. ಕಾದಾಟ ನಿಂತಿತು, ಆದರೆ ರಾಜಕೀಯ ಜಗಳ ಬಗೆಹರಿದಿಲ್ಲ. ಸಾಮಾನ್ಯವಾಗಿ ಪೀಸ್ ಟ್ರೀಟಿ, ಅಂದರೆ ಶಾಂತಿ ಒಪ್ಪಂದ, ಬಂದಾಗ ಕಾನೂನಿನ ಪ್ರಕಾರ ಯುದ್ಧ ಮುಗಿದ ಹಾಗೆ. ಒಂದನೇ ಮಹಾಯುದ್ಧದಲ್ಲಿ 1918ರ ನವೆಂಬರ್ 11ಕ್ಕೆ ಆರ್ಮಿಸ್ಟಿಸ್ ಆಯಿತು, ವರ್ಸೇಲ್ಸ್‌ನ ಟ್ರೀಟಿಗೆ ಸಹಿ ಬಿದ್ದದ್ದು 1919ರ ಜೂನ್ 28ಕ್ಕೆ. ಕೊರಿಯಾದಲ್ಲಿ 1953ರ ಜುಲೈ 27ರಂದು ಪನ್‌ಮುಂಜೋಮ್‌ನಲ್ಲಿ ಆರ್ಮಿಸ್ಟಿಸ್‌ಗೆ ಸಹಿ ಬಿತ್ತು, ಟ್ರೀಟಿ ಮಾತ್ರ ಬರಲೇ ಇಲ್ಲ. ಎರಡು ಕೊರಿಯಾಗಳ ನಡುವೆ ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಪಟ್ಟಿಯೊಂದು ಹಾಗೇ ಉಳಿದಿದೆ. ಅದರ ಹೆಸರು ಡಿಮಿಲಿಟರೈಸ್ಡ್ ಝೋನ್, ಅಂದರೆ ಸೇನೆ ಇಡಬಾರದ ವಲಯ. 'ಕೊರಿಯನ್ ವಾರ್ ಎಂಡೆಡ್ ವಿತ್ ಎ ಪೀಸ್ ಟ್ರೀಟಿ' ಅಂತ ಬರೆದರೆ ಅದು ಭಾಷೆಯ ತಪ್ಪಷ್ಟೇ ಅಲ್ಲ, ಇತಿಹಾಸದ ತಪ್ಪು.

ಸೀಸ್‌ಫೈರ್ ಜೊತೆ ಬರುವ ಕ್ರಿಯಾಪದಗಳನ್ನೂ ಕಲಿತಿರಿ. ಮಧ್ಯಸ್ಥಿಕೆ ವಹಿಸಿ ಮಾಡಿಸುವುದು 'ಬ್ರೋಕರ್', ಜಾರಿಗೆ ಬರುವುದು 'ಕಮ್ ಇನ್‌ಟು ಎಫೆಕ್ಟ್', ಮುರಿಯದೆ ಉಳಿಯುವುದು 'ಹೋಲ್ಡ್', ಉಲ್ಲಂಘಿಸುವುದು 'ವಯಲೇಟ್', ಪೂರ್ತಿ ಬಿದ್ದುಹೋಗುವುದು 'ಕೊಲ್ಯಾಪ್ಸ್'. 'ದ ಸೀಸ್‌ಫೈರ್ ಈಸ್ ಹೋಲ್ಡಿಂಗ್' ಎಂಬ ಪುಟ್ಟ ವಾಕ್ಯ ಸುದ್ದಿಯಲ್ಲಿ ಪದೇ ಪದೇ ಬರುತ್ತದೆ.

ಮುಂದಿನದು ಮನುಷ್ಯರ ಲೆಕ್ಕ. ಇಲ್ಲಿ ಎಡವಬಾರದು, ಜೀವಗಳ ವಿಷಯ. ಕ್ಯಾಶುವಲ್ಟೀಸ್ ಅಂದರೆ ಸತ್ತವರು ಅಂತ ತುಂಬಾ ಜನ ತಿಳಿದಿದ್ದಾರೆ. ಅದರಲ್ಲಿ ಸತ್ತವರೂ ಗಾಯಗೊಂಡವರೂ ಸೇರುತ್ತಾರೆ, ಸೈನ್ಯದ ಲೆಕ್ಕದಲ್ಲಾದರೆ ಕಾಣೆಯಾದವರು, ಸೆರೆ ಸಿಕ್ಕವರೂ ಸೇರುವುದುಂಟು. ನಮ್ಮ 'ಸಾವುನೋವು' ಇದಕ್ಕೆ ಬಹಳ ಹತ್ತಿರ. ಸತ್ತವರು ಮಾತ್ರ ಅನ್ನಬೇಕಾದರೆ ಫೆಟಾಲಿಟೀಸ್ ಅಥವಾ ಡೆತ್ಸ್. ಸಾವಿರ ಕ್ಯಾಶುವಲ್ಟೀಸ್ ಅಂತ ಓದಿ ಸಾವಿರ ಜನ ಸತ್ತರು ಅಂತ ಹೇಳಿಬಿಟ್ಟರೆ ದೊಡ್ಡ ಅನಾಹುತ. ಹಾಗೆಯೇ ರೆಫ್ಯೂಜಿ ಅಂದರೆ ದೇಶದ ಗಡಿ ದಾಟಿ ಹೋದವರು. ಮನೆ ಬಿಟ್ಟರೂ ತಮ್ಮ ದೇಶದೊಳಗೇ ಅಲೆಯುತ್ತಿರುವವರು 'ಇಂಟರ್ನಲಿ ಡಿಸ್‌ಪ್ಲೇಸ್ಡ್'. ನಾವು ಇಬ್ಬರಿಗೂ ನಿರಾಶ್ರಿತರು ಅನ್ನುತ್ತೇವೆ, ಆದರೆ 1951ರ ರೆಫ್ಯೂಜಿ ಕನ್ವೆನ್ಷನ್‌ನ ರಕ್ಷಣೆ ಸಿಗುವುದು ಮೊದಲನೆಯವರಿಗೆ.

'ಕೊಲ್ಯಾಟರಲ್ ಡ್ಯಾಮೇಜ್' ಪರೀಕ್ಷೆಯಲ್ಲಿ ಬರುತ್ತದೆ, ಅರ್ಥ ಗೊತ್ತಿರಲಿ: ಸೇನಾ ಗುರಿಗೆ ಹೊಡೆಯುವಾಗ ಅಕ್ಕಪಕ್ಕದ ಜನಸಾಮಾನ್ಯರಿಗೆ, ಮನೆಗಳಿಗೆ ಆದ ಹಾನಿ. ಆದರೆ ನಿಮ್ಮ ಸ್ವಂತ ಮಾತಿನಲ್ಲಿ ಬಳಸಬೇಡಿ ಅಂತ ನನ್ನ ಸಲಹೆ. 'ಸಿವಿಲಿಯನ್ಸ್ ವರ್ ಕಿಲ್ಡ್' ಅನ್ನಿ. ಅದರಲ್ಲೂ ಯಾರು ಕೊಂದರು ಅನ್ನುವುದು ಮರೆಯಾಗುತ್ತದೆ, ಹಾಗಾಗಿ ಕೊಂದವರು ಯಾರು ಅಂತ ಖಚಿತವಾಗಿದ್ದರೆ ಅವರನ್ನು ವಾಕ್ಯದ ಮೊದಲಿಗೇ ತನ್ನಿ. ಖಚಿತವಿಲ್ಲದಿದ್ದರೆ 'ಅಲೆಜ್ಡ್ಲಿ', 'ಅಕಾರ್ಡಿಂಗ್ ಟು'. 'ಕ್ಲೇಮ್' ಅನ್ನುವ ಕ್ರಿಯಾಪದದಲ್ಲಿ ನನಗೆ ನಂಬಿಕೆ ಇಲ್ಲ ಅನ್ನುವ ಛಾಯೆ ಇದೆ. ಒಂದು ಪಕ್ಷಕ್ಕೆ 'ಸೆಡ್', ಇನ್ನೊಂದಕ್ಕೆ 'ಕ್ಲೇಮ್ಡ್' ಅಂತ ಬರೆದರೆ ನೀವು ಪಕ್ಷ ವಹಿಸಿದಂತೆಯೇ.

ಆಯುಧಗಳ ಹೆಸರಿಗೆ ಜಾಸ್ತಿ ಸಮಯ ಕೊಡಬೇಡಿ. ಬ್ಯಾಲಿಸ್ಟಿಕ್ ಮಿಸೈಲ್ ಮೇಲಕ್ಕೆ ಹಾರಿ ಕಮಾನಿನಂತೆ ಬಾಗಿ ಬೀಳುತ್ತದೆ, ಕ್ರೂಸ್ ಮಿಸೈಲ್ ವಿಮಾನದ ಹಾಗೆ ಹಾರಿಕೊಂಡು ಹೋಗುತ್ತದೆ, ಫಿರಂಗಿಯಿಂದ ಹೊಡೆಯುವುದು ಶೆಲ್ಲಿಂಗ್. ಸದ್ಯಕ್ಕೆ ಸಾಕು. ಉಚ್ಚಾರಣೆ ಮಾತ್ರ ಗಮನಿಸಿ: ಕರ್ನಲ್ ಪದದ ಸ್ಪೆಲ್ಲಿಂಗ್‌ನಲ್ಲಿ ಮಧ್ಯೆ 'ರ' ಅಕ್ಷರವೇ ಇಲ್ಲ. ಸೇನಾದಳದ ಕೋರ್ ಪದಕ್ಕೆ ಕೊನೆಯ ಎರಡು ಅಕ್ಷರ ಮೌನ, ಶವದ 'ಕಾರ್ಪ್ಸ್' ಬೇರೆ. ಸರ್ಕಾರ ಉರುಳಿಸುವ ಪದ 'ಕೂ', 'ಕೂಪ್' ಅಲ್ಲ. ಮುತ್ತಿಗೆ 'ಸೀಜ್', ವಶಪಡಿಸಿಕೊಳ್ಳುವುದು 'ಸೀಝ್'.

ರಾಜತಾಂತ್ರಿಕ ಇಂಗ್ಲಿಷ್‌ನ ಒಂದು ರುಚಿ ನೋಡಿ. 1990ರ ನವೆಂಬರ್ 29ರ ಭದ್ರತಾ ಮಂಡಳಿಯ 678ನೇ ನಿರ್ಣಯ, ಇರಾಕ್ ಕುವೈತ್‌ನಿಂದ ಹಿಂದೆ ಸರಿಯದಿದ್ದರೆ 'ಆಲ್ ನೆಸೆಸರಿ ಮೀನ್ಸ್' ಬಳಸಲು ಅನುಮತಿ ಕೊಟ್ಟಿತು. ಯುದ್ಧ ಅನ್ನುವ ಮಾತಿಲ್ಲ, ಅರ್ಥ ಮಾತ್ರ ಸೇನಾಬಲ. 1967ರ 242ನೇ ನಿರ್ಣಯದಲ್ಲಿ ಇಸ್ರೇಲಿ ಪಡೆಗಳು 'ಫ್ರಮ್ ಟೆರಿಟರೀಸ್ ಆಕ್ಯುಪೈಡ್' ಹಿಂದೆ ಸರಿಯಬೇಕು ಅಂತಿದೆ. 'ಟೆರಿಟರೀಸ್' ಹಿಂದೆ 'ದ' ಇಲ್ಲ. ಎಲ್ಲ ಪ್ರದೇಶಗಳೋ ಕೆಲವೋ ಅನ್ನುವ ವಾದ ಇಂದಿಗೂ ನಿಂತಿಲ್ಲ. ಆರ್ಟಿಕಲ್ ಪಾಠ ಬೇಸರ ಅನ್ನಿಸಿದಾಗ ಇದನ್ನು ನೆನೆಯಿರಿ.

ಈಗ ಕಲಿತದ್ದನ್ನು ಒಂದೇ ಘಟನೆಗೆ ಹಚ್ಚೋಣ. ಜೋರಾಗಿ ಓದಿ: 'ಇರಾಕ್ ಇನ್ವೇಡೆಡ್ ಕುವೈತ್ ಇನ್ ಆಗಸ್ಟ್ 1990 ಅಂಡ್ ಅನೆಕ್ಸ್ಡ್ ಇಟ್. ದ ಸೆಕ್ಯುರಿಟಿ ಕೌನ್ಸಿಲ್ ಇಂಪೋಸ್ಡ್ ಸ್ಯಾಂಕ್ಷನ್ಸ್ ಆನ್ ಇರಾಕ್. ದ ಕೊಯಲಿಷನ್ ಲಾಂಚ್ಡ್ ಏರ್ ಸ್ಟ್ರೈಕ್ಸ್ ಇನ್ ಜಾನ್ಯುಅರಿ 1991, ಫಾಲೋಡ್ ಬೈ ಎ ಗ್ರೌಂಡ್ ಅಫೆನ್ಸಿವ್. ಎ ಫಾರ್ಮಲ್ ಸೀಸ್‌ಫೈರ್ ಕೇಮ್ ಇನ್‌ಟು ಎಫೆಕ್ಟ್ ಇನ್ ಏಪ್ರಿಲ್.' ನಾಲ್ಕೇ ವಾಕ್ಯ, ಪದಗಳು ಬಹುಪಾಲು ಮೇಲಿನವೇ. ಕೊಯಲಿಷನ್ ಅಂದರೆ ಒಟ್ಟಾಗಿ ಹೋರಾಡಿದ ದೇಶಗಳ ಕೂಟ. ಇದೇ ಅಚ್ಚಿನಲ್ಲಿ ಬೇರೆ ಸಂಘರ್ಷವೊಂದನ್ನು ನೀವೇ ಬರೆಯಿರಿ, ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಅದರ ಜಾಗಕ್ಕೆ ಎದುರು ಪಕ್ಷದವರು ಯಾವ ಪದ ಹಾಕುತ್ತಿದ್ದರು ಅಂತ ಪಕ್ಕದಲ್ಲಿ ಗುರುತು ಮಾಡಿ.