ಇಸ್ತಾಂಬುಲ್ ಬಜಾರಿನಲ್ಲಿ ಹೇಳಿದ ಬೆಲೆಯ ಅರ್ಧಕ್ಕೆ ಕೇಳಬೇಕೇ?

ಪ್ರಶ್ನೆ: ಮುಂದಿನ ತಿಂಗಳು ಇಸ್ತಾಂಬುಲ್‌ಗೆ ಹೊರಟಿದ್ದೇವೆ. ಖರೀದಿಗೆಂದೇ ಒಂದು ದಿನ ಎತ್ತಿಟ್ಟಿದ್ದೇವೆ. ಅಲ್ಲಿನ ಗ್ರ್ಯಾಂಡ್ ಬಜಾರಿನಲ್ಲಿ ಹೇಳಿದ ಬೆಲೆಯ ಅರ್ಧಕ್ಕೆ ಕೇಳಬೇಕೆಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಇದು ನಿಜವೇ? ಅಲ್ಲವಾದರೆ ಎಷ್ಟಕ್ಕೆ ಕೇಳಬೇಕು?

ಉತ್ತರ: ಇಸ್ತಾಂಬುಲ್‌ಗೆ ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆಯೇ ಇದು. ಅರ್ಧದ ಲೆಕ್ಕವನ್ನು ಮರೆತುಬಿಡಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಆ ಲೆಕ್ಕ ನಿಮಗಿಂತ ಚೆನ್ನಾಗಿ ಅಂಗಡಿಯವರಿಗೆ ಗೊತ್ತು. ನೂರರ ಮಾಲಿಗೆ ನಾನೂರು ಹೇಳಿದವನನ್ನು ಇನ್ನೂರಕ್ಕೆ ಇಳಿಸಿ ಹೆಮ್ಮೆಯಿಂದ ಹೊರಬಂದವರು ಕೊಟ್ಟದ್ದು ದುಪ್ಪಟ್ಟು. ಪಕ್ಕದ ಅಂಗಡಿಯವನು ನ್ಯಾಯವಾದ ಬೆಲೆಯನ್ನೇ ಹೇಳಿರುತ್ತಾನೆ, ಅದರಲ್ಲಿ ಹತ್ತನೆಯ ಒಂದು ಪಾಲು ಬಿಡಲು ಸಿದ್ಧನಾಗಿಯೂ ಇರುತ್ತಾನೆ. ಅವನ ಬಳಿ ಅರ್ಧಕ್ಕೆ ಕೇಳಿದರೆ ಮುಖ ಸಪ್ಪಗಾಗಿ ಮಾತು ಅಲ್ಲಿಗೇ ಮುರಿಯುತ್ತದೆ. ಇಬ್ಬರೂ ಒಂದೇ ಓಣಿಯಲ್ಲಿರುತ್ತಾರೆ, ಇಬ್ಬರೂ ಅಷ್ಟೇ ಪ್ರೀತಿಯಿಂದ ಒಳಗೆ ಕರೆಯುತ್ತಾರೆ. ಇವರಲ್ಲಿ ಯಾರು ಯಾರೆಂದು ತಿಳಿಯಬೇಕಾದರೆ ಮಾಲನ್ನು ಕೈಗೆತ್ತಿಕೊಂಡು ನೋಡುವುದನ್ನು ಕಲಿಯಬೇಕು. ನಿಮ್ಮ ಒಂದು ದಿನದ ಅರ್ಧ ಭಾಗವನ್ನು ಅದಕ್ಕೇ ಕೊಡಿ. ಬೆಲೆ ಎಷ್ಟಕ್ಕೆ ಕೇಳಬೇಕೆಂಬುದು ಆಮೇಲೆ ತಾನಾಗಿ ಹೊಳೆಯುತ್ತದೆ.

ಬಜಾರು ಭಾನುವಾರ ಮುಚ್ಚಿರುತ್ತದೆ, ಹಬ್ಬದ ರಜೆಗಳಲ್ಲೂ ಮುಚ್ಚಿರುತ್ತದೆ. ಒಂದೇ ದಿನ ಇಟ್ಟುಕೊಂಡವರು ಟಿಕೆಟ್ ಮಾಡಿಸುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಬೆಯಾಜಿತ್ ನಿಲ್ದಾಣದಲ್ಲಿ ಟ್ರಾಮ್ ಇಳಿದರೆ ಬಜಾರಿನ ಬಾಗಿಲು ನಾಲ್ಕು ಹೆಜ್ಜೆಯ ದೂರ.

ಟರ್ಕಿಯವರು ಇದನ್ನು ಕಪಾಲಿ ಚಾರ್ಷಿ ಎನ್ನುತ್ತಾರೆ, ಸೂರು ಮುಚ್ಚಿದ ಪೇಟೆ ಎಂದರ್ಥ. 1453ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಸುಲ್ತಾನ ಎರಡನೆಯ ಮೆಹ್ಮೆದ್ ಕೆಲವೇ ವರ್ಷಗಳಲ್ಲಿ ಇಲ್ಲಿ ದಪ್ಪ ಕಲ್ಲುಗೋಡೆಗಳ, ಗುಮ್ಮಟಗಳ ಬೆದೆಸ್ತೆನ್ ಕಟ್ಟಿಸಲು ತೊಡಗಿದ. ಬೆಲೆಬಾಳುವ ಬಟ್ಟೆ, ಒಡವೆಗಳನ್ನು ಬೀಗ ಹಾಕಿ ಮಾರುವ ಜಾಗ ಅದು. ಅದರ ಬಾಡಿಗೆ ಆಯಾ ಸೋಫಿಯಾ ಮಸೀದಿಯ ವಕ್ಫ್‌ಗೆ ಸಲ್ಲುತ್ತಿತ್ತು. ಸುತ್ತ ಓಣಿಗಳು ಹುಟ್ಟಿ, ಒಂದೊಂದಾಗಿ ಚಾವಣಿ ಹೊದ್ದುಕೊಂಡು, ಈಗ ಸುಮಾರು 60 ಓಣಿಗಳು, 4000ದಷ್ಟು ಅಂಗಡಿಗಳಾಗಿವೆ. ಒಂದೊಂದು ಕಸುಬಿಗೆ ಒಂದೊಂದು ಓಣಿ ಎಂಬುದು ಹಳೆಯ ಪದ್ಧತಿ. ಹೆಸರುಗಳು ಇಂದಿಗೂ ಅದನ್ನೇ ಹೇಳುತ್ತವೆ. ದೊಡ್ಡ ಬೀದಿಯ ಹೆಸರು ಕಲ್ಪಕ್‌ಚಿಲರ್, ತುಪ್ಪಳದ ಟೋಪಿ ಮಾಡುವವರ ಬೀದಿ ಎಂದು. ಈಗ ಅಲ್ಲಿ ಟೋಪಿಯವರಿಲ್ಲ, ಎರಡೂ ಬದಿಗೆ ಚಿನ್ನ ಹೊಳೆಯುತ್ತದೆ. ಆದರೂ ಒಂದೇ ಬಗೆಯ ಅಂಗಡಿಗಳು ಒಟ್ಟಿಗಿರುವ ಕ್ರಮ ಬಹುಮಟ್ಟಿಗೆ ಉಳಿದಿದೆ. ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ. ಇನ್ನೂರು ಹೆಜ್ಜೆ ನಡೆದರೆ ಒಂದೇ ಮಾಲನ್ನು ಹತ್ತು ಅಂಗಡಿಗಳಲ್ಲಿ ನೋಡಿರುತ್ತೀರಿ.

ಚಿನ್ನದಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಲೆಕ್ಕ ಅತ್ಯಂತ ಸ್ವಚ್ಛ. ಒಡವೆಯ ಒಳಬದಿಯಲ್ಲಿ 916 ಎಂದು ಅಚ್ಚಿದ್ದರೆ 22 ಕ್ಯಾರಟ್, 750 ಇದ್ದರೆ 18, 585 ಇದ್ದರೆ 14. ತೂಕವನ್ನು ಆ ದಿನದ ದರಕ್ಕೆ ಗುಣಿಸಿ ಮೇಲೆ ಮಜೂರಿ ಸೇರಿಸುತ್ತಾರೆ. ಮಜೂರಿಗೆ ಅವರ ಮಾತು ಇಶ್ಚಿಲಿಕ್. ಚಿನ್ನದ ದರದಲ್ಲಿ ಯಾರೂ ಬಿಡುವುದಿಲ್ಲ, ಚೌಕಾಸಿ ನಡೆಯುವುದು ಇಶ್ಚಿಲಿಕ್ ಮೇಲೆ ಮಾತ್ರ. ಆದ್ದರಿಂದ ಒಟ್ಟು ಬೆಲೆ ಕೇಳಬೇಡಿ. ತಕ್ಕಡಿಯ ಮೇಲೆ ಇಡಿಸಿ, ತೂಕವೆಷ್ಟು, ಮಜೂರಿಯೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಬಜಾರಿನಲ್ಲಿ ಒಂದು ಕಡೆ ಕಿವಿಗೆ ಫೋನ್ ಒತ್ತಿಕೊಂಡು ಗಂಟಲು ಹರಿಯುವಂತೆ ದರ ಕೂಗುವ ಗಂಡಸರ ಗುಂಪು ಸಿಗುತ್ತದೆ. ಜಗಳವಲ್ಲ, ಗಾಬರಿಯಾಗಬೇಡಿ. ಅವರು ಚಿನ್ನ ಮತ್ತು ವಿದೇಶಿ ಹಣದ ವ್ಯಾಪಾರಿಗಳು. ಚಿನ್ನಕ್ಕೆ ಕಪಾಲಿ ಚಾರ್ಷಿಯ ದರ ಎಷ್ಟೆಂದು ಅಲ್ಲಿನ ಪತ್ರಿಕೆಗಳು ದಿನವೂ ಬರೆಯುತ್ತವೆ.

ಅರ್ಧದ ಮಾತು ಹೆಚ್ಚಾಗಿ ಹುಟ್ಟುವುದು ರತ್ನಗಂಬಳಿಯ ಅಂಗಡಿಯಲ್ಲಿ. ಅಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಕೂರಿಸಿಯೇ ಕೂರಿಸುತ್ತಾರೆ ಬಿಡಿ. ನಡು ಸಣ್ಣಗಾದ ಪುಟ್ಟ ಗಾಜಿನ ಲೋಟದಲ್ಲಿ ಕೆಂಪಗಿನ ಚಹಾ ಬರುತ್ತದೆ, ತಟ್ಟೆಯಲ್ಲಿ ಎರಡು ಸಕ್ಕರೆಯ ತುಂಡು. ಅದನ್ನು ಕುಡಿದರೆ ಕೊಳ್ಳಲೇಬೇಕೆಂಬ ಸಂಕೋಚ ಬೇಡ, ಬಂದವರಿಗೆ ಚಹಾ ಕೊಡುವುದು ಅಲ್ಲಿನ ಮರ್ಯಾದೆ. ಹುಡುಗನೊಬ್ಬ ಒಂದರ ಮೇಲೊಂದು ಗಂಬಳಿ ಬಿಡಿಸುತ್ತಾ ಹೋಗುತ್ತಾನೆ, ಹತ್ತು ನಿಮಿಷದಲ್ಲಿ ಮೊಣಕಾಲೆತ್ತರ ರಾಶಿ ಬೀಳುತ್ತದೆ. ಇಷ್ಟು ಕಷ್ಟ ಕೊಟ್ಟೆವಲ್ಲ ಎಂಬ ಮುಲಾಜಿಗೆ ಅನೇಕರು ಬೀಳುವುದು ಇಲ್ಲಿಯೇ.

ಆಗ ನೀವು ಮಾಡಬೇಕಾದ ಕೆಲಸ ಒಂದೇ. ಬಾಗಿ, ಗಂಬಳಿಯ ಮೂಲೆ ಹಿಡಿದು, ಬೆನ್ನು ತಿರುಗಿಸಿ ನೋಡಿ. ನನಗೆ ಇದನ್ನು ಕಲಿಸಿದವರು ಒಬ್ಬ ವಯಸ್ಸಾದ ವ್ಯಾಪಾರಿ. ಅವತ್ತು ನಾನು ಏನನ್ನೂ ಕೊಳ್ಳುವುದಿಲ್ಲವೆಂದು ಮೊದಲೇ ಹೇಳಿದ್ದೆ, ಆದರೂ ಮುಕ್ಕಾಲು ಗಂಟೆ ಕೂರಿಸಿಕೊಂಡು ತೋರಿಸಿದರು. ಕೈಯಲ್ಲಿ ನೇಯ್ದ ಗಂಬಳಿಯ ಬೆನ್ನಿನಲ್ಲಿ ಚಿತ್ರ ಮುಂಭಾಗದಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಒಂದೊಂದು ಗಂಟೂ ಸಾಸಿವೆಯ ಸಾಲಿನಂತೆ ಎದ್ದಿರುತ್ತದೆ, ಸಾಲು ಅಲ್ಲಲ್ಲಿ ಕೂದಲೆಳೆಯಷ್ಟು ಓರೆಯಾಗಿರುತ್ತದೆ. ಆ ಓರೆಯೇ ಕೈಯ ಗುರುತು. ಇನ್ನು ಅಂಚಿನ ಕುಚ್ಚು: ಅದು ಗಂಬಳಿಯ ಹಾಸಿನ ದಾರಗಳೇ ಹೊರಬಂದು ಉಳಿದ ತುದಿಯಾಗಿರಬೇಕು. ಬೇರೆಯಾಗಿ ತಂದು ಹೊಲಿದಿದ್ದರೆ ಗಂಬಳಿ ಯಂತ್ರದ್ದೆಂದು ತಿಳಿಯಿರಿ. ಟರ್ಕಿಯ ಗಂಟಿಗೆ ಗೋರ್ದೆಸ್ ಗಂಟು ಎಂಬ ಹೆಸರಿದೆ. ನೂಲು ಹಾಸಿನ ಎರಡೆಳೆಗಳನ್ನೂ ಸುತ್ತಿ ನಡುವೆ ಹೊರಬರುವುದರಿಂದ ಅದು ಬಲು ಗಟ್ಟಿ. ಕಿಲಿಮ್‌ನಲ್ಲಿ ಗಂಟೇ ಇರುವುದಿಲ್ಲ, ಅದು ಚಾಪೆಯಂತೆ ಚಪ್ಪಟೆ ನೇಯ್ಗೆ. ಬೆಲೆಯೂ ಅದಕ್ಕೆ ತಕ್ಕಂತೆ ಕೆಳಗಿರಬೇಕು.

ಹೆರೆಕೆ ಊರಿನ ಹೆಸರಿನ ರೇಷ್ಮೆ ಗಂಬಳಿಗಳಿಗೆ ಅತಿ ದೊಡ್ಡ ಬೆಲೆ. ಅದೇಕೆಂದು ಗಂಟು ಎಣಿಸಿದರೆ ಅರ್ಥವಾಗುತ್ತದೆ. ಒಳ್ಳೆಯ ಹೆರೆಕೆಯಲ್ಲಿ ಒಂದು ಸೆಂಟಿಮೀಟರ್ ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಗಂಟು, ಅಂದರೆ ಚದರ ಸೆಂಟಿಮೀಟರಿಗೆ ನೂರು. ಒಂದು ಚದರ ಮೀಟರಿಗೆ ಹತ್ತು ಲಕ್ಷ ಗಂಟುಗಳಾದವು. ಗಂಟೊಂದಕ್ಕೆ ಐದು ಸೆಕೆಂಡ್ ಹಿಡಿದರೂ, ದಿನಕ್ಕೆ ಎಂಟು ಗಂಟೆ ತಲೆಯೆತ್ತದೆ ಕಟ್ಟಿದರೂ, ಒಬ್ಬ ಹೆಣ್ಣುಮಗಳಿಗೆ ಸುಮಾರು ಆರು ತಿಂಗಳ ಕೆಲಸ. ಇಂಥದ್ದನ್ನು ಅರ್ಧಕ್ಕೆ ಕೇಳಲು ನನಗೆ ನಾಲಿಗೆ ಬರುವುದಿಲ್ಲ. ಅರ್ಧಕ್ಕೆ ಯಾರಾದರೂ ತಟ್ಟನೆ ಒಪ್ಪಿದರೆ ಅದು ರೇಷ್ಮೆಯೇ ಅಲ್ಲದಿರುವ ಸಾಧ್ಯತೆ ಹೆಚ್ಚು. ಹೊಳಪು ಕೊಟ್ಟ ಹತ್ತಿ, ವಿಸ್ಕೋಸ್ ಎರಡೂ ಕಣ್ಣಿಗೆ ರೇಷ್ಮೆಯಂತೆಯೇ ಕಾಣುತ್ತವೆ. ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟು ತೋರಿಸಿ ಎಂದು ಕೇಳಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಅಲ್ಲ. ಪ್ರಾಮಾಣಿಕ ವ್ಯಾಪಾರಿ ಇದಕ್ಕೆ ಬೇಸರಿಸುವುದಿಲ್ಲ. ಮೊದಲ ಪ್ರವಾಸದಲ್ಲಿ ನಾನು ರೇಷ್ಮೆಯೆಂದು ನಂಬಿ ತಂದ ಶಾಲಿನ ಎಳೆಯನ್ನು ಮನೆಗೆ ಬಂದ ಮೇಲೆ ಸುಟ್ಟು ನೋಡಿದೆ. ಅವತ್ತು ಬಂದದ್ದು ಕಾಗದದ ವಾಸನೆ.

ಬೀದಿಯಲ್ಲಿ ಪರಿಚಯ ಮಾಡಿಕೊಂಡು "ನಮ್ಮ ಚಿಕ್ಕಪ್ಪನ ಅಂಗಡಿ" ಎಂದು ಕರೆದೊಯ್ಯುವವರ ಹಿಂದೆ ಹೋಗಬೇಡಿ. ಅವರ ಪಾಲು ನಿಮ್ಮ ಬೆಲೆಯೊಳಗೇ ಕೂತಿರುತ್ತದೆ. ಎಷ್ಟು ಚೌಕಾಸಿ ಮಾಡಿದರೂ ಅದು ಇಳಿಯುವುದಿಲ್ಲ.

ಮಧ್ಯಾಹ್ನ ಏನನ್ನೂ ಕೊಳ್ಳದೆ ಬಜಾರಿನಿಂದ ಹೊರಬಂದು ಮಹಮುತ್‌ಪಾಶಾ ಇಳಿಜಾರಿನಲ್ಲಿ ಎಮಿನೋನು ಕಡೆಗೆ ನಡೆಯಿರಿ. ನನಗೆ ಇಡೀ ನಗರದಲ್ಲಿ ಬಹಳ ಇಷ್ಟವಾದ ಬೀದಿ ಇದು. ಊರಿನವರೇ ತುಂಬಿರುತ್ತಾರೆ. ಮದುವೆಯ ಬಟ್ಟೆ, ಸುನ್ನತಿಗೆ ಹುಡುಗರಿಗೆ ತೊಡಿಸುವ ಬಿಳಿ ನಿಲುವಂಗಿ, ಹಾಸಿಗೆ ಹೊದಿಕೆ, ಟವೆಲ್. ಬೆಲೆಯನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ನಿಲ್ಲಿಸಿರುತ್ತಾರೆ. ಹಮಾಮಿಗೆ ಬಳಸುವ ತೆಳು ಟವೆಲಿಗೆ ಪೆಶ್ತೆಮಾಲ್ ಎನ್ನುತ್ತಾರೆ. ಬಜಾರಿನೊಳಗೆ ಅದಕ್ಕೆ ಎಷ್ಟು ಹೇಳಿದ್ದರೋ ನೆನಪಿಟ್ಟುಕೊಂಡು ಇಲ್ಲಿನ ರಟ್ಟು ಓದಿ. ಆ ದಿನ ನಿಮಗೆ ಸಿಗುವ ಅತ್ಯುತ್ತಮ ಪಾಠ ಅದೇ.

ಈ ಪಾಠವನ್ನು ಯಾರ ಪ್ರವಾಸ ಟಿಪ್ಪಣಿಯೂ ಕೊಡಲಾರದು. 2022ರ ಅಕ್ಟೋಬರಿನಲ್ಲಿ ಟರ್ಕಿಯ ವಾರ್ಷಿಕ ಹಣದುಬ್ಬರ ಸರ್ಕಾರದ ಲೆಕ್ಕದಲ್ಲೇ ಶೇಕಡ 85 ದಾಟಿತ್ತು. ಅದರ ನಂತರವೂ ಬೆಲೆಗಳು ಏರುತ್ತಲೇ ಬಂದಿವೆ. ಗೆಳೆಯರು ಎರಡು ವರ್ಷದ ಹಿಂದೆ ಕೊಟ್ಟ ಲಿರಾ ಲೆಕ್ಕ ಹಿಡಿದು ಹೋದರೆ ನ್ಯಾಯವಾದ ಬೆಲೆಯೂ ಮೋಸದಂತೆ ಕಾಣುತ್ತದೆ. ಗಂಬಳಿಯವರು ಯೂರೋ, ಡಾಲರ್‌ಗಳಲ್ಲಿ ಬೆಲೆ ಹೇಳುವುದೂ ಇದಕ್ಕೇ. ಯಾವ ಹಣದಲ್ಲಿ ಮಾತು ಆರಂಭವಾಯಿತೋ ಅದರಲ್ಲೇ ಮುಗಿಸಿ. ಕಾರ್ಡ್ ಕೊಟ್ಟಾಗ ಯಂತ್ರ ಲಿರಾವೋ ನಿಮ್ಮ ದೇಶದ ಹಣವೋ ಎಂದು ಕೇಳಿದರೆ ಲಿರಾ ಒತ್ತಿ, ಇನ್ನೊಂದರಲ್ಲಿ ವಿನಿಮಯ ದರ ನಿಮಗೆ ನಷ್ಟದ್ದು.

ಇಳಿಜಾರಿನ ಕೊನೆಗೆ ಮಸಾಲೆ ಬಜಾರು. ಹದಿನೇಳನೆಯ ಶತಮಾನದಲ್ಲಿ ಪಕ್ಕದ ಹೊಸ ಮಸೀದಿಯ ಜೊತೆಗೇ ಕಟ್ಟಿದ್ದು. ಇದು ಭಾನುವಾರವೂ ತೆರೆದಿರುತ್ತದೆ. ಕೇಸರಿಯ ವಿಷಯದಲ್ಲಿ ಮಾತ್ರ ಎಚ್ಚರ. ಗೋಣಿಯಲ್ಲಿ ಗುಡ್ಡೆ ಹಾಕಿ ಅಗ್ಗದಲ್ಲಿ ಮಾರುವ ಕೆಂಪು ಎಸಳು ಕೇಸರಿಯಲ್ಲ, ಕುಸುಬೆ ಹೂವು. ಅಸಲಿ ಕೇಸರಿ ಸಣ್ಣ ಡಬ್ಬಿಯಲ್ಲಿರುತ್ತದೆ, ಎಳೆಯ ಒಂದು ತುದಿ ಕಹಳೆಯ ಬಾಯಿಯಂತೆ ಅರಳಿರುತ್ತದೆ. ಬೆಚ್ಚಗಿನ ನೀರಿಗೆ ಹಾಕಿದರೆ ನೀರು ನಿಧಾನವಾಗಿ ಹಳದಿಯಾಗುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ನೀರು ಕೂಡಲೇ ಕೆಂಪಾದರೆ ಬಣ್ಣ ಹಾಕಿದ್ದು. ಲೋಕುಮ್ ಸಿಹಿ ಕೊಳ್ಳುವಾಗ ಪೆಟ್ಟಿಗೆ ತುಂಬುವ ಮೊದಲೇ ಎಷ್ಟು ಗ್ರಾಂ ಎಂದು ಹೇಳಿಬಿಡಿ, ಇಲ್ಲದಿದ್ದರೆ ಚಮಚ ನಿಲ್ಲುವುದೇ ಇಲ್ಲ. ಹತ್ತಿರದಲ್ಲೇ ಇರುವ, 1777ರಿಂದ ನಡೆದು ಬಂದ ಹಾಜಿ ಬೆಕಿರ್ ಅಂಗಡಿಯಂಥ ಕಡೆ ಚೌಕಾಸಿಯ ಮಾತೇ ಎತ್ತಬಾರದು.

ಹಳೆಯ ನಾಣ್ಯ, ಹಳೆಯ ಪಿಂಗಾಣಿಯ ಚೂರು, ನೂರು ವರ್ಷದ ಗಂಬಳಿ ಎಂದು ಯಾರಾದರೂ ತೋರಿಸಿದರೆ ಬೆಲೆಯನ್ನೇ ಕೇಳಬೇಡಿ. 1983ರ 2863ನೆಯ ಸಂಖ್ಯೆಯ ಕಾನೂನಿನ ಪ್ರಕಾರ ಪುರಾತನ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವುದು ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲಿನ ಮಾತು. ಹಳೆಯದರಂತೆ ಕಾಣುವ ಹೊಸ ಗಂಬಳಿ ಕೊಂಡರೂ ತಯಾರಾದ ಕಾಲ ಬರೆದ ರಸೀದಿ ಪಡೆಯಿರಿ. ತೆರಿಗೆ ವಾಪಸಿನ ಫಾರಂ ಬೇಕಾದರೆ ಹಣ ಕೊಡುವಾಗಲೇ ಪಾಸ್‌ಪೋರ್ಟ್ ತೋರಿಸಿ ಕೇಳಬೇಕು, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮೊದಲು ಸುಂಕದವರ ಮೊಹರು ಹಾಕಿಸಬೇಕು.

ಮತ್ತೆ ನಿಮ್ಮ ಪ್ರಶ್ನೆಗೆ. ಎಮಿನೋನುವಿನಿಂದ ಟ್ರಾಮ್ ಹಿಡಿದರೆ ಬೆಯಾಜಿತ್ ಐದನೆಯ ನಿಲ್ದಾಣ. ಬಜಾರು ಸಂಜೆ ಮುಚ್ಚುವುದಕ್ಕೆ ಒಂದೆರಡು ತಾಸು ಮೊದಲು ಹಿಂತಿರುಗಿ. ಇಷ್ಟು ಹೊತ್ತಿಗೂ ಮನಸ್ಸಿನಿಂದ ಹೋಗದೆ ಉಳಿದ ವಸ್ತು ಯಾವುದೋ ಅದರ ಬಳಿಗೆ ಮಾತ್ರ ಹೋಗಿ. ಹತ್ತು ಅಂಗಡಿ ನೋಡಿದ ಮೇಲೆ ಅದಕ್ಕೊಂದು ಬೆಲೆ ನಿಮ್ಮೊಳಗೇ ಕೂತಿರುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ ಆರಂಭಿಸಿ, ಅಲ್ಲಿಗೆ ಬಂದು ನಿಲ್ಲಿ. ಎರಡು ಮೂರು ವಸ್ತು ಒಟ್ಟಿಗೆ ಕೊಂಡರೆ ಇನ್ನಷ್ಟು ಬಿಡುತ್ತಾರೆ. "ಸೋನ್ ಫಿಯಾತ್?" ಅಂದರೆ ಕಡೆಯ ಬೆಲೆ ಎಷ್ಟು ಎಂದು. ಇದನ್ನು ಒಂದು ಸಲ ಕೇಳಿದರೆ ಸಾಕು. ನೀವು ಹೇಳಿದ ಬೆಲೆಗೆ ಅವರು ಒಪ್ಪಿದ ಮೇಲೆ ಕೊಳ್ಳಲೇಬೇಕು. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಹೇಳುವುದು ಅಲ್ಲಿ ಮಾತಿಗೆ ತಪ್ಪಿದಂತೆ.

ಈ ಕ್ರಮಕ್ಕೆ ಹೊರತಾದದ್ದು ಒಂದಿದೆ. ಬೆಲೆ ಗೊತ್ತಿರುವ ಸಣ್ಣ ವಸ್ತುವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕೊಳ್ಳಬಹುದು. ದಿನದ ಮೊದಲ ವ್ಯಾಪಾರಕ್ಕೆ ಅವರ ಮಾತು ಸಿಫ್ತಾಹ್, ನಮ್ಮ ಮಾತಿನಲ್ಲಿ ಬೋಣಿ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಲು ಯಾರಿಗೂ ಇಷ್ಟವಿರುವುದಿಲ್ಲ. ಕಳೆದ ಸಲ ಒಂದು ನೀಲಿ ಪೆಶ್ತೆಮಾಲ್ ಹಾಗೆಯೇ ಸಿಕ್ಕಿತು. ನಾನು ಕೇಳುವ ಮೊದಲೇ ಅಂಗಡಿಯ ಹಿರಿಯರು ಬೆಲೆ ಇಳಿಸಿದ್ದರು. ಹಿಂದಿನ ದಿನ ರಟ್ಟಿನ ಮೇಲೆ ಓದಿದ್ದ ಬೆಲೆಗೆ ಅದು ಬಹಳ ಹತ್ತಿರವಿತ್ತು, ನಾನು ಮರುಮಾತಾಡದೆ ಕೊಟ್ಟೆ. ಅವರು ನೋಟುಗಳನ್ನು ಬಿಳಿ ಗಡ್ಡಕ್ಕೆ ಮೆಲ್ಲನೆ ಸವರಿಕೊಂಡು ಏನೋ ಹೇಳಿದರು. ಪಕ್ಕದಲ್ಲಿದ್ದ ಹುಡುಗ ಅರ್ಥ ಹೇಳಿದ: "ಬೋಣಿ ನಿಮ್ಮಿಂದ, ಬೆರೆಕೆತ್ ಅಲ್ಲಾಹನಿಂದ." ಬೆರೆಕೆತ್ ಎಂಬ ಮಾತಿಗೆ ನನಗೆ ಅನುವಾದ ಬೇಕಾಗಿರಲಿಲ್ಲ. ಅದು ನಾವೂ ಆಡುವ ಬರಕತ್ತು.