ಗೆಲಾಕ್ಸಿಗಳ ‘ಡಿಕ್ಕಿ’ ಎಂಬ ಮಾತು

ನೆರೆಯ ಗೆಲಾಕ್ಸಿ ಆಂಡ್ರೊಮಿಡಾ ನಮ್ಮ ಗೆಲಾಕ್ಸಿಗೆ ಅಪ್ಪಳಿಸಿ ಎಲ್ಲವೂ ನುಚ್ಚುನೂರಾಗುತ್ತದೆ ಎಂಬ ಸುದ್ದಿ ಮತ್ತೆ ಓಡಾಡುತ್ತಿದೆ. ‘ಡಿಕ್ಕಿ’ ಹೆದ್ದಾರಿಗೆ ಒಪ್ಪುವ ಪದ. ಖಗೋಳದಲ್ಲಿ ಬಳಸುವುದು ಅಂತರಕ್ರಿಯೆ, ಅಂದರೆ ಗುರುತ್ವದಿಂದ ಒಂದನ್ನೊಂದು ಎಳೆದಾಡುವುದು; ಕೊನೆಗೆ ವಿಲೀನ.

ಸೂರ್ಯನಿಗೂ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾಕ್ಕೂ ನಡುವೆ ಸುಮಾರು ಮೂರು ಕೋಟಿ ಸೂರ್ಯರನ್ನು ಸಾಲಾಗಿ ಜೋಡಿಸಬಹುದು. ಇಷ್ಟು ಬಯಲಿರುವಾಗ ನಕ್ಷತ್ರಕ್ಕೆ ನಕ್ಷತ್ರ ತಾಗುವ ಮಾತೆಲ್ಲಿ? ತಾಗುವುದು ಅನಿಲದ ಮೋಡಗಳು. ಅವು ಒತ್ತಿಕೊಂಡಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಅಂದಹಾಗೆ, ಆಂಡ್ರೊಮಿಡಾ ವಿಲೀನವೂ ಖಚಿತವಲ್ಲ. ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಅದು ನಡೆಯುವ ಸಾಧ್ಯತೆ ಅರ್ಧಕ್ಕರ್ಧ ಎನ್ನುತ್ತದೆ 2025ರ ಒಂದು ಲೆಕ್ಕ.

ಅತಿ ಹೆಚ್ಚು ಗೊಂದಲ ಇಂಥ ಗೆಲಾಕ್ಸಿಗಳಿಂದ ಹೊರಚಾಚಿದ ಬಾಲಗಳದ್ದು. ಹಸ್ತಾ ನಕ್ಷತ್ರದ ದಿಕ್ಕಿನಲ್ಲಿರುವ ಆಂಟೆನಾ ಗೆಲಾಕ್ಸಿ ಜೋಡಿಯಿಂದ (ಖಗೋಳ ಪಟ್ಟಿಯಲ್ಲಿ ಎನ್‌ಜಿಸಿ 4038, 4039) ಎರಡು ಉದ್ದನೆಯ ಬಾಲಗಳು ಹೊರಟಿವೆ. ಅವು ಗುದ್ದಿದಾಗ ಸಿಡಿದ ಚೂರುಗಳಲ್ಲ. ಪಕ್ಕದ ಗೆಲಾಕ್ಸಿ ಹತ್ತಿರದ ಅಂಚನ್ನು ಜಾಸ್ತಿ, ಆಚೆಯ ಅಂಚನ್ನು ಕಡಿಮೆ ಸೆಳೆಯುತ್ತದೆ. ಹಾಗಾಗಿ ಗೆಲಾಕ್ಸಿ ಎರಡೂ ಕಡೆ ಹಿಗ್ಗುತ್ತದೆ. ನಮ್ಮ ಕಡಲಿನ ಉಬ್ಬರಕ್ಕೂ ಕಾರಣ ಇದೇ. ತಿರುಗುತ್ತಿರುವ ತಟ್ಟೆಯಾದ್ದರಿಂದ ಹಿಗ್ಗಿದ ಭಾಗ ಬಾಲವಾಗಿ ಬೀಸಿಕೊಳ್ಳುತ್ತದೆ. ಇಷ್ಟು ಸಪೂರ ಬಾಲವನ್ನು ಬರೀ ಗುರುತ್ವ ಎಳೆಯಬಲ್ಲದೇ ಎಂದು ಅನುಮಾನಿಸಿದವರಿದ್ದರು. 1972ರಲ್ಲಿ ಅಲರ್ ಟೂಮ್ರೆ, ಯೂರಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಎಳೆಯಬಲ್ಲದು ಎಂದು ತೋರಿಸಿದರು.

ಅಕ್ಕಪಕ್ಕ ಕಂಡದ್ದೆಲ್ಲ ಅಂತರಕ್ರಿಯೆಯೂ ಅಲ್ಲ. ಎನ್‌ಜಿಸಿ 3314ರ ಚಿತ್ರ ನೋಡಿ: ಒಂದರ ಮೇಲೊಂದು ಬಿದ್ದಂತಿರುವ ಎರಡು ಸುರುಳಿ ಗೆಲಾಕ್ಸಿಗಳು. ಅವುಗಳ ನಡುವೆ ಕೋಟಿಗಟ್ಟಲೆ ಜ್ಯೋತಿರ್ವರ್ಷಗಳ ಅಂತರ. ನಮ್ಮ ದೃಷ್ಟಿರೇಖೆಯಲ್ಲಿ ಸಾಲಾಗಿವೆ, ಅಷ್ಟೆ. ಆಕಾರ ಕೆಟ್ಟಿದೆಯೇ, ಬಾಲ ಅಥವಾ ಎರಡನ್ನೂ ಜೋಡಿಸುವ ಸೇತುವೆ ಇದೆಯೇ, ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಅಳೆದ ವೇಗಗಳು ಹತ್ತಿರ ಹತ್ತಿರ ಇವೆಯೇ ಎಂದು ನೋಡದೆ ‘ಡಿಕ್ಕಿಯ ಅದ್ಭುತ ದೃಶ್ಯ’ ಎಂದು ಬರೆಯುವವರಿಗೆ ಏನು ಹೇಳುವುದು!

ವಿಲೀನವಾದರೆ ಎರಡು ಹೋಗಿ ಒಂದಾಗುವುದು. ಎನ್‌ಜಿಸಿ 7252ರಲ್ಲಿ ಈಗ ಇರುವುದು ಒಂದೇ ಮೈ, ಆದರೆ ಬಾಲ ಎರಡು ಉಳಿದಿವೆ. ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯ ನೇತೃತ್ವದಲ್ಲಿ ರೂಪುಗೊಂಡ, ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿರುವ ಅತಿನೇರಳೆ ದೂರದರ್ಶಕ ಅದರ ನಡುವೆ ಎಳೆಯ ನಕ್ಷತ್ರಗಳ ಉಂಗುರವನ್ನು ಚಿತ್ರಿಸಿದೆ.

ಕಣ್ಣಾರೆ ನೋಡುವ ಆಸೆಯಿದ್ದರೆ ಅಂತರಕ್ರಿಯೆಯಲ್ಲಿರುವ ಗೆಲಾಕ್ಸಿ ಜೋಡಿ ಎಂ51ರಿಂದ ಶುರು ಮಾಡಿ. ಏಪ್ರಿಲ್–ಮೇ ರಾತ್ರಿ, ಊರ ಬೆಳಕಿನಿಂದ ದೂರ ಹೋದರೆ ಸಣ್ಣ ದೂರದರ್ಶಕಕ್ಕೂ ಎರಡು ಮಬ್ಬು ಚುಕ್ಕೆಗಳಾಗಿ ಸಿಗುತ್ತದೆ. ಬಾಲಗಳು ಮಾತ್ರ ದೀರ್ಘಾವಧಿಯ ಫೋಟೋದಲ್ಲೇ ಮೂಡುವುದು.